ಎರಡು ಎಡತೋಳು

"ಇದನ್ನ ನಾನೇ ಕತ್ತರಿಸಿದ್ದು ಅಂತ ಹೇಳಿಬಿಡೇ!" ಅತ್ತೆ ಸೊಸೆಯ ಎರಡೂ ಕೈ ಹಿಡಿದುಕೊಂಡರು. "ಹೆಂಗಸು, ಕೈ ತಪ್ಪಿತು ಅಂದ್ರೆ ಅಂಚೆಯವರೂ ಸುಮ್ಮನಾಗ್ತಾರೆ. ನನ್ನ ಮಗನ ಹೆಸರು ಉಳಿಯುತ್ತೆ. ನಿನ್ನ ಕಾಲಿಗೆ ಬೀಳ್ತೀನಿ..."

ಸೊಸೆ ಮೇಜಿನ ಮೇಲಿದ್ದ ಬೂದುಬಣ್ಣದ ಕೋಟಿನ ತೋಳುಗಳನ್ನು ಮತ್ತೊಮ್ಮೆ ಜೋಡಿಸಿ ನೋಡಿದಳು. ಎರಡೂ ಎಡತೋಳು! ಬಟ್ಟೆಯ ಒಳಮೈ ಹೊರಮೈ ಬೇರೆಯಿದ್ದರೆ, ಒಂದು ತೋಳು ಕತ್ತರಿಸಿದ ಮೇಲೆ ಮಾದರಿ ಕಾಗದವನ್ನು ಮಗುಚಿ ಇಡಬೇಕೆಂಬುದು ಹೊಲಿಗೆ ಕಲಿಯುವವರ ಮೊದಲ ವಾರದ ಪಾಠ. ಊರಿಗೆಲ್ಲ ಮಾಸ್ಟರ್ ಎನಿಸಿಕೊಂಡ ಅವಳ ಗಂಡ ಬೆಳಗ್ಗೆ ಎದ್ದವನೇ ಕುಡಿದು, ತಾನೇ ಕತ್ತರಿಸುತ್ತೇನೆಂದು ಹಟ ಹಿಡಿದು, ಈ ಘನಕಾರ್ಯ ಮಾಡಿ ಇಸ್ತ್ರಿಪೆಟ್ಟಿಗೆಯ ಪಕ್ಕ ತಲೆ ಜೋತುಹಾಕಿ ಕೂತಿದ್ದ.

ಆರು ವರ್ಷಗಳಿಂದ ಅಂಗಡಿಯ ನಡುವೆ ಒಂದು ಪರದೆ ತೂಗುತ್ತಿತ್ತು. ಮುಂದೆ ಕೂತು ಮಾತಾಡುವುದು ಮಾಸ್ಟರ್. ಹಿಂದೆ ನಿಂತು ಕತ್ತರಿಸಿ ಹೊಲಿಯುವುದು ಇವಳು. ಅವನ ಕೈ ನಡುಗುವುದು ಯಾರಿಗೂ ಕಾಣಬಾರದಲ್ಲ! ಅವನು ಏಳಲಾಗದ ದಿನ ಪರದೆಯ ಹಿಂದಿನಿಂದಲೇ "ಜ್ವರ" ಎನ್ನುವುದೂ ಇವಳೇ. ಅಷ್ಟು ಜ್ವರ ಬಂದ ಮನುಷ್ಯ ಇನ್ನೂ ಬದುಕಿದ್ದಾನಲ್ಲ ಎಂದು ಗಿರಾಕಿಗಳೇ ಬೆರಗಾಗಿರಬೇಕು.

ಅಷ್ಟರಲ್ಲಿ ಕೋಟು ಹೊಲಿಯಲು ಕೊಟ್ಟಿದ್ದ ಅಂಚೆಯವರು ಮೆಟ್ಟಿಲು ಹತ್ತಿಬಂದರು. ಮರುದಿನ ಅವರಿಗೆ ನಿವೃತ್ತಿ. ಜೊತೆಗಾರರೆಲ್ಲ ಸೇರಿ ಕೊಡಿಸಿದ ಬಟ್ಟೆ. ಜನ್ಮದಲ್ಲಿ ಮೊದಲ ಕೋಟು.

"ಮಾಸ್ಟರ್, ಒಂದ್ಸಲ ತೊಟ್ಟು ನೋಡಬಹುದಾ?"

ಅತ್ತೆ ಕಣ್ಣಲ್ಲೇ ಬೇಡಿಕೊಂಡರು. ಸೊಸೆಯ ನಾಲಗೆಯ ತುದಿಗೆ ಹಳೆಯ ಸುಳ್ಳು ಬಂದೇಬಿಟ್ಟಿತ್ತು. ಆದರೆ ಪರದೆಯ ಸಂದಿಯಿಂದ ಆ ಮುದುಕರ ಮುಖದ ಆಸೆ ಕಂಡಿತು. ಕೈ ಚಾಚಿ ಪರದೆ ಹಿಡಿದು ಎಳೆದಳು. ತೂಗಿಸಿದ್ದ ತಂತಿ ಸಮೇತ ಕಿತ್ತು ಬಂತು!

"ನಿಮ್ಮ ಬಟ್ಟೆ ಹಾಳಾಗಿದೆ ಯಜಮಾನ್ರೇ. ಎರಡೂ ಎಡತೋಳು. ಕುಡಿದು ಕತ್ತರಿಸಿದ್ದಾರೆ."

"ಏಯ್!" ಮಾಸ್ಟರ್ ತಡವರಿಸುತ್ತ ಎದ್ದ. "ಹೊರಗಿನವರ ಮುಂದೆ ಗಂಡನ ಮಾನ ಕಳೀತೀಯಾ?"

"ನಿಮ್ಮ ಮಾನಕ್ಕೆ ಆರು ವರ್ಷ ತೇಪೆ ಹಾಕಿದೆ ರೀ! ಹಾಕಿದಷ್ಟೂ ನೀವು ಹರೀತಾನೇ ಇದ್ರಿ. ನಾನು ಮುಚ್ಚಿದ್ದಕ್ಕೇ ನಿಮಗೆ ಕುಡಿಯೋಕೆ ಧೈರ್ಯ ಬಂತು. ಇನ್ನು ಮುಚ್ಚಲ್ಲ... ಯಾರು ಏನಂದುಕೊಂಡರೂ ಮುಚ್ಚಲ್ಲ!"

ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ದನಿ ಮಾತ್ರ ಅಲುಗಲಿಲ್ಲ. ಅಂಚೆಯವರತ್ತ ತಿರುಗಿದಳು. "ತಪ್ಪಾಯ್ತು. ಉಳಿದ ಬಟ್ಟೆಯಲ್ಲಿ ಇನ್ನೊಂದು ತೋಳು ಹುಟ್ಟಲ್ಲ. ತೋಳಿಲ್ಲದ ಕೋಟು ಸಂಜೆಯೊಳಗೆ ಹೊಲಿದುಕೊಡ್ತೀನಿ. ಬೇಡ ಅಂದ್ರೆ ಬೈದು ಹೋಗಿ, ಕೇಳಿಸ್ಕೊಳ್ತೀನಿ."

ಅವರು ಆ ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. "ಹೋದ ವರ್ಷದ ನನ್ನ ಅಂಗಿ... ಅದನ್ನ ಯಾರಮ್ಮ ಹೊಲಿದಿದ್ದು?" ಎಂದರು.

"ನಾನೇ."

"ಹಾಗಾದ್ರೆ ಇದನ್ನೂ ನೀನೇ ಹೊಲಿ."

ಅವಳು ಕತ್ತರಿ ಎತ್ತಿಕೊಂಡಳು. ಮಾಸ್ಟರ್ ಮುಂದೆ ಬಂದು ಕೈ ಚಾಚಿದ. "ಕತ್ತರಿ ಇಲ್ಲಿ ಕೊಡು. ಇದು ನನ್ನ ಅಂಗಡಿ!"

ಅವಳು ಕೊಡಲಿಲ್ಲ. ಅವನು ಇನ್ನೊಂದು ಹೆಜ್ಜೆ ಇಟ್ಟ. ಅಡ್ಡ ಬಂದು ನಿಂತವರು ಅತ್ತೆ! ನೆಲಕ್ಕೆ ಬಿದ್ದಿದ್ದ ಪರದೆ ಅವರ ತೋಳಲ್ಲಿತ್ತು.

"ನಿಮ್ಮಪ್ಪನಿಗೂ ನಾನು ಹೀಗೇ ಪರದೆ ಹಿಡಿದೆ ಕಣೋ... ಜ್ವರ ಜ್ವರ ಅಂತಲೇ ಅವರನ್ನ ಮಣ್ಣು ಮಾಡಿ ಬಂದೆ." ಅತ್ತೆ ಜಾಗ ಬಿಡಲಿಲ್ಲ. "ಕುಡಿಯದೆ ಬಾ. ಆಮೇಲೆ ಕತ್ತರಿ ಕೇಳು."

ಅವನ ಚಾಚಿದ ಕೈ ನಡುಗುತ್ತಿತ್ತು. ಎಲ್ಲರೂ ನೋಡಿದರು, ಮೊದಲ ಸಲ ಅವನೂ ನೋಡಿಕೊಂಡ. ಮೆಲ್ಲಗೆ ಕೈ ಇಳಿಸಿ, ಗೋಡೆಗೆ ಒರಗಿ ಕುಸಿದು ಕೂತ.

ಸೊಸೆ ಕಣ್ಣೊರೆಸಿಕೊಂಡು ಅಳತೆಪಟ್ಟಿ ಕೈಗೆತ್ತಿಕೊಂಡಳು. ಆರು ವರ್ಷದಲ್ಲಿ ಮೊದಲ ಬಾರಿಗೆ ಮೇಜಿನ ಈಚೆ ಬಂದಳು.

"ನೆಟ್ಟಗೆ ನಿಂತ್ಕೊಳ್ಳಿ ಯಜಮಾನ್ರೇ," ಎಂದಳು, "ಅಳತೆ ತಗೊಳ್ತೀನಿ."