ಮೂರನೆಯ ಟ್ಯಾಂಕು

ಪ್ಲಂಬರ್ ಎಂದುಕೊಂಡು ನಾನೇ ಅವನನ್ನು ಹಿತ್ತಿಲಿಗೆ ಕರೆದೊಯ್ದೆ. ಸೋರುವ ಪೈಪು ತೋರಿಸಿದೆ, ತಗಡಿನ ಹಿಂದೆ ಬಚ್ಚಿಟ್ಟಿದ್ದ ಮೂರನೆಯ ಟ್ಯಾಂಕನ್ನೂ ತೋರಿಸಿದೆ. ಅವನು ಜಾಯಿಂಟು ಬಿಗಿಮಾಡಿ, ಕೈ ಒರೆಸಿಕೊಂಡು, ತಾನು ನೀರಿನ ಇಲಾಖೆಯ ಇನ್‌ಸ್ಪೆಕ್ಟರ್ ಎಂದ.

ಕಾನೂನು ನನಗೂ ಗೊತ್ತಿತ್ತು. ಸೂರಿನ ಮಳೆನೀರು ಮನೆ ಬಳಕೆಗೆ ಮಾತ್ರ, ಅದೂ ಎರಡೇ ಟ್ಯಾಂಕು. ವ್ಯಾಪಾರಕ್ಕೆ ಬಳಸಿದರೆ ಸೀಲ್. ಆದರೆ ನಾನು ಬಟ್ಟೆಗೆ ಬಣ್ಣ ಹಾಕುವವಳು. ನಲ್ಲಿಯ ಗಡಸು ನೀರಿನಲ್ಲಿ ಬಣ್ಣ ಹಿಡಿಯದು. ಹಾಸಿಗೆ ಹಿಡಿದ ಅಮ್ಮನ ದುಬಾರಿ ಔಷಧಿ ಬರುತ್ತಿದ್ದುದು ಆ ಬಣ್ಣದಿಂದಲೇ.

ಅವನು ನನ್ನ ನೀಲಿಗಟ್ಟಿದ ಬೆರಳುಗಳನ್ನೇ ನೋಡಿದ. ಟ್ಯಾಂಕು ಎರಡೇ ಎಂದು ಬರೆದುಕೊಂಡು ಹೋದ.

ಆಮೇಲೆ ತಪಾಸಣೆಯ ನೆಪದಲ್ಲಿ ಬರತೊಡಗಿದ. ಎರಡು ಟ್ಯಾಂಕು ನೋಡಲು ಎಷ್ಟು ಹೊತ್ತು ಬೇಕು ಹೇಳಿ? ಈ ಮಹಾಶಯನಿಗೆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು. ಅಮ್ಮನನ್ನು ಮಗ್ಗುಲಾಗಿಸಲು ಕೈಜೋಡಿಸುತ್ತಿದ್ದ, ನಾನು ಬಟ್ಟೆ ಹಿಂಡುವಾಗ ಇನ್ನೊಂದು ತುದಿ ಹಿಡಿಯುತ್ತಿದ್ದ. ಕದ್ದು ನೋಡುತ್ತಾ ಸಿಕ್ಕಿಬಿದ್ದರೆ ಮೋಡ ನೋಡುತ್ತಿದ್ದ, ಮೋಡವೇ ಇಲ್ಲದ ದಿನವೂ. ಅಂಗಿಯ ಮೇಲಿನ ಬಣ್ಣಕ್ಕೆ ಆಫೀಸಿನಲ್ಲಿ ಏನು ಕಾರಣ ಹೇಳುತ್ತೀರಿ ಎಂದು ಕೆಣಕಿದರೆ ಕಿವಿ ಕೆಂಪಾಗುತ್ತಿತ್ತು. ನನಗೆ ಅವನೆಂದರೆ ಪ್ರಾಣ, ಸುಳ್ಳೇಕೆ ಹೇಳಲಿ.

ಒಂದು ದಿನ ಒದ್ದೆ ಬಟ್ಟೆ ಹಿಡಿದುಕೊಂಡೇ ಮದುವೆಯ ಮಾತೆತ್ತಿದ. ಹಿಂದೆಯೇ ತಲೆ ತಗ್ಗಿಸಿದ. ಸಂಬಂಧಿಕರ ಮನೆಯನ್ನು ಅವನು ತಪಾಸಣೆ ಮಾಡುವಂತಿಲ್ಲವಂತೆ. ಮದುವೆಯಾದರೆ ನಮ್ಮನೆ ಬೇರೊಬ್ಬನ ಪಾಲು, ಆತ ತಗಡಿನ ಹಿಂದೆ ಇಣುಕದೆ ಬಿಡುವವನಲ್ಲ. ಇವನ ಸಂಬಳವೋ ಇವನ ಮನೆಯವರಿಗೇ ಸಾಲದು.

"ಅಮ್ಮ ಇರೋವರೆಗೂ ನೀವು ನಂಗೆ ಯಾರೂ ಅಲ್ಲ," ಎಂದೆ.

"ಆಮೇಲೆ?"

"ಆಮೇಲೆ ನಿಮ್ಮೋಳೇ."

ಅವನ ಮುಖ ಅರಳಿತು. ನನಗೂ ಸುಖವಾಯಿತು. ಮರುಗಳಿಗೆಯೇ ನನ್ನ ಕಡೆಯ ಬಟ್ಟೆಯ ತುದಿ ಬಿಟ್ಟುಬಿಟ್ಟೆ. ಇಬ್ಬರೂ ಸೇರಿ ಯಾವುದಕ್ಕೆ ಕಾಯಲು ಒಪ್ಪಿಕೊಂಡಿದ್ದೆವು?

ಅಮ್ಮನ ಕಿಟಕಿ ತೆರೆದೇ ಇತ್ತು. ಮಾತ್ರೆ ಹಿಡಿದು ಒಳಗೆ ಹೋದರೆ ಅವಳು ಮುಖ ತಿರುಗಿಸಿದಳು.

"ಇನ್ನು ಮಾತ್ರೆ ಸಾಕು ಕಣೇ. ಒಳ್ಳೆ ಹುಡುಗ ಅವನು, ಜಾಸ್ತಿ ಕಾಯಿಸ್ಬೇಡ."

ಅಂದಿನಿಂದ ಅಮ್ಮ ತಾನಾಗಿ ಬಾಯಿ ತೆರೆದಿಲ್ಲ. ನಾನು ಅಳುತ್ತಾ, ಬೈಯುತ್ತಾ, ತುಟಿ ಬಿಡಿಸಿ ಮಾತ್ರೆ ಹಾಕುತ್ತೇನೆ. ಅದು ಗಂಟಲಿಗಿಳಿಯುವವರೆಗೆ ಅವಳ ತಲೆಯನ್ನು ಎತ್ತಿ ಹಿಡಿದಿರುವವನು ಅವನೇ.