ದಂತದ ಆನೆಯ ಹಿಂಬದಿ

ಸಿರಿವೊಳಲ ಅರಮನೆಯ ಒಂಬತ್ತು ಬಾಗಿಲುಗಳನ್ನೂ ದಾಟಿ, ಅರಸರ ಮಗ್ಗುಲಲ್ಲೇ ಕೂತು ಈ ಪ್ರಸಂಗವನ್ನು ಕಣ್ಣಾರೆ ಕಂಡವನು ನಾನು. ಸುಳ್ಳು, ಆ ಊರೇ ಈಗಿಲ್ಲ, ಇದ್ದಿದ್ದರೂ ಮೊದಲ ಬಾಗಿಲಲ್ಲೇ ನನ್ನನ್ನು ಹೊರದಬ್ಬುತ್ತಿದ್ದರು. ಆದರೆ ಆ ಮುಂಜಾವಿನಲ್ಲಿ ಕೋಟೆಯ ತೆನೆಗಳ ಮೇಲೆ ಎಳೆಬಿಸಿಲು ಹೊನ್ನೀರಾಗಿ ಹರಿದು, ಗಂಧಿಗರ ಬೀದಿ ಕಸ್ತೂರಿಯಿಂದ ಘಮಘಮಿಸಿ, ಪಟ್ಟದಾನೆಗಳು ಗಂಟೆ ಮೊಳಗಿಸುತ್ತ ಹೊಳೆಗಿಳಿಯುತ್ತಿದ್ದವು. ದಂತದ ಕುಶಲಿ ಬೀರೋಜನ ಹೊಸ್ತಿಲನ್ನು ಮಾತ್ರ ಯಾರೂ ತುಳಿಯುತ್ತಿರಲಿಲ್ಲ. ಮಡದಿ ತೀರಿಕೊಂಡ ಆರು ವರ್ಷಗಳಿಂದ ಅವನ ಮಾತುಕತೆಯೆಲ್ಲ ಉಳಿಯ ಜೊತೆಗೇ.

ಅರಸ ಇರಿವಮಲ್ಲ ಅವನ ಕೈಯಲ್ಲಿಟ್ಟದ್ದು ಒಂದು ಬದಿ ಚಪ್ಪಟೆಯಾದ, ಅಂಗೈಯಗಲದ ದಂತದ ಆನೆ. ಅರಸನಿಗೆ ಐದು ತುಂಬಿದಾಗ ತಾಯಿ ಅವನನ್ನು ತೊರೆದು ತಪಸ್ಸಿಗೆ ಹೋದಳೆಂದು ನಾಡೆಲ್ಲ ನಂಬಿತ್ತು. ಅವಳು ಬಿಟ್ಟುಹೋದ ಆ ಆಟಿಕೆ ಇಪ್ಪತ್ತು ವರ್ಷ ಯಾರೂ ತೆರೆಯದ ಪೆಟ್ಟಿಗೆಯಲ್ಲೇ ಇತ್ತು. "ಚೌಕಟ್ಟಿನಲ್ಲಿ ಕೂರಿಸಿ ಕೊಡು" ಎಂದ ಅರಸ, ಮುಖ ತಿರುಗಿಸಿಕೊಂಡೇ.

ಮೇಲ್ವಿಚಾರಣೆಗೆ ಬಂದ ಮಹಾಪ್ರಧಾನ ಬಮ್ಮದೇವ ಆನೆಯನ್ನು ಮಗುಚಿ ನೋಡಿದವನೇ ಹಣೆಯ ಬೆವರೊರೆಸಿಕೊಂಡ.

"ಅರಗು ಕಾಯಿಸಿ ಅಂಟಿಸಿಬಿಡು. ಪ್ರಳಯವಾದರೂ ಕದಲಬಾರದು."

"ಬಿಸಿ ಅರಗಿಗೆ ದಂತ ಬಿರಿಯುತ್ತದೆ, ಪ್ರಧಾನರೇ. ಹಿಂಬದಿಯಲ್ಲಿ ಯಾರೋ ಸೂಜಿಯಿಂದ ಕೆರೆದ ಗೀರುಗಳಿವೆ, ಅವೂ ಮುಚ್ಚಿಹೋಗುತ್ತವೆ."

"ಓದಿದೆಯೇನು?"

"ಓದು ಬಂದಿದ್ದರೆ ಉಳಿ ಯಾಕೆ ಹಿಡಿಯುತ್ತಿದ್ದೆ?"

"ಹಾಗಾದರೆ ಹೇಳಿದಷ್ಟು ಮಾಡು."

ಬೀರೋಜ ಮಾಡಲಿಲ್ಲ. ಗಂಧದ ಹಲಗೆಯಲ್ಲಿ ಆನೆಯ ಆಕಾರಕ್ಕೇ ತಗ್ಗು ತೋಡಿದ. ಅರಳೆಯಿಟ್ಟು ಮೇಲೆ ಬಿಳಿ ಬಟ್ಟೆ ಹಾಸಿದ. ಕಾಲುಗಳಿಗೂ ಸೊಂಡಿಲಿಗೂ ರೇಷ್ಮೆಯ ಎಳೆ ಬಳಸಿ, ಹಲಗೆಯ ರಂಧ್ರಗಳಲ್ಲಿ ತೂರಿಸಿ ಹಿಂದೆ ಗಂಟಿಕ್ಕಿದ. ಬಿಗಿಯಾದರೆ ದಂತ ಸವೆದೀತು, ಸಡಿಲಾದರೆ ಆನೆ ಬಿದ್ದೀತು. ಅದಕ್ಕೇ ಎರಡು ದಿನ ಹಿಡಿಯಿತು.

ತುಂಬಿದ ಸಭೆಯಲ್ಲಿ ಬಮ್ಮದೇವ ಗರ್ಜಿಸಿದ: "ಪ್ರಭು, ಬಿಚ್ಚಲು ಬರುವಂತೆ ಕಟ್ಟಿದವನು ಕದ್ದೊಯ್ಯಲೆಂದೇ ಕಟ್ಟಿದ್ದಾನೆ! ಇವನ ಬಲಗೈ ಕಡಿಸಿ. ಅರಗು ನಾನೇ ಹಾಕಿಸುತ್ತೇನೆ."

ಬೀರೋಜನ ಜೊತೆ ಮೂವತ್ತು ವರ್ಷ ದುಡಿದ ಕುಶಲಿ ನಾಗೋಜನನ್ನು ಅರಸ ಕೇಳಿದ. ಅವನು ನೆಲ ನೋಡುತ್ತ, "ಅರಗೇ ವಾಡಿಕೆ, ಪ್ರಭು" ಎಂದ. ಬೀರೋಜನಿಗೆ ಕತ್ತಿಗಿಂತ ಮೊದಲು ಆ ಮಾತು ತಾಕಿತು.

"ನೀನೇನು ಹೇಳುತ್ತೀಯೆ, ಬೀರೋಜ?"

"ವಸ್ತು ನನ್ನದಲ್ಲ, ಪ್ರಭು. ಚೌಕಟ್ಟು ಅದನ್ನು ಹಿಡಿದಿರಬೇಕು, ತಿನ್ನಬಾರದು. ನಾಳೆ ತಮಗೇ ಅದನ್ನು ಕೈಯಲ್ಲಿ ಹಿಡಿಯಬೇಕೆನ್ನಿಸಿದರೆ?"

ಅರಸ ಅಂಗೈ ಚಾಚಿದ. "ಬಿಚ್ಚು."

ಕಡಿಸಿಕೊಳ್ಳಲಿದ್ದ ಕೈಯೇ ಗಂಟುಗಳನ್ನು ಬಿಚ್ಚಿತು. ಆನೆ ಮಗುಚಿಕೊಂಡು ಅರಸನ ಅಂಗೈಗೆ ಬಂತು. ಅವನು ಓದಿದ, ಮಗ್ಗಿ ಒಪ್ಪಿಸುವ ಮಗುವಿನ ದನಿಯಲ್ಲಿ: "ಮಗನೇ, ನಾನಾಗಿ ಹೋಗುತ್ತಿಲ್ಲ. ಬಮ್ಮದೇವ ಒಯ್ಯುತ್ತಿದ್ದಾನೆ."

ಭಟರು ಪ್ರಧಾನನನ್ನು ಎಳೆದೊಯ್ದರು; ಸಭೆ ಬರಿದಾಯಿತು.

"ಮತ್ತೆ ಕಟ್ಟಲೇ, ಪ್ರಭು?"

"ಬೇಡ" ಎಂದು ಅರಸ ಮುಷ್ಟಿ ಬಿಗಿದ.

ಖಾಲಿ ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬೀರೋಜ ನಡೆದ. ಬೀದಿಯವರೆಲ್ಲ ಕೈಮುಗಿದರು; ಮನೆತನಕ ಜೊತೆಗೆ ಯಾರೂ ಬರಲಿಲ್ಲ. ಕತೆ ಇಲ್ಲಿಗೆ ಬಂದಾಗಲೆಲ್ಲ ನನ್ನ ಲೋಟ ಬರಿದಾಗಿರುತ್ತದೆ, ಸ್ವಾಮಿ. ಈ ಚಹಾದ ಕಾಸು ನೀವೇ ಕೊಟ್ಟುಬಿಡಿ.