ದೀಪಾಲಿಯ ಪಾಸ್‌ವರ್ಡ್

ಸತ್ತು ತಿಂಗಳಾದ ದೀಪಾಲಿ ಬರೆಯತೊಡಗಿದಾಗ ಮಧ್ಯಾಹ್ನ ಎರಡೂವರೆ.

‘ನಾನು ಕಾಲು ಜಾರಿ ಬೀಳಲಿಲ್ಲ.’

ಅದು ೨೦೦೯. ಹುಕ್ಕೇರಿ ಕಡೆಯ ಆ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯವರೆಲ್ಲ ಸೇರಿ ಇಂಟರ್‌ನೆಟ್‌ನ ಒಂದೇ ಪುಟದಲ್ಲಿ ನೀರಾವರಿ ಪಾಠ ಬರೆಯುತ್ತಿದ್ದರು. ಯಾರೇ ಬರೆಯಲಿ, ಅವರ ಹೆಸರಿನೊಂದಿಗೆ ಎಲ್ಲ ಪರದೆಗಳಲ್ಲೂ ಮೂಡುತ್ತಿತ್ತು. ಕಾಲುವೆಯಲ್ಲಿ ಮುಳುಗಿ ಸತ್ತ ಹುಡುಗಿಯ ಹೆಸರು ಅಳಿಸಲು ಪ್ರಣಿತಾ ಟೀಚರಿಗೆ ಮನಸ್ಸಾಗಿರಲಿಲ್ಲ.

“ಎಲ್ಲಾರೂ ಕೈ ಮ್ಯಾಲೆ ಮಾಡ್ರಿ!”

ಕೈಗಳೆಲ್ಲ ಮೇಲೆದ್ದವು. ಅಕ್ಷರಗಳು ನಿಲ್ಲಲಿಲ್ಲ.

‘ಮಾಲಿಂಗ ನನ್ನನ್ನು ದೂಡಿದ.’

ಮುಂದಿನ ಸಾಲಿನ ಕಸ್ತೂರಿ ಕಿಟಾರನೆ ಕಿರುಚಿದಳು. ಕುರಿ ಕಾಯುವವರ ಮನೆಯ ಹುಡುಗ ಮಾಲಿಂಗ ಎತ್ತಿದ ಕೈ ಇಳಿಸದೆಯೇ ಎದ್ದು ನಿಂತ.

“ನಾ ಅಲ್ರಿ ಅಕ್ಕೋರ. ಅವತ್ತು ಕಾಲುವಿ ಕಡಿಂದ ಒಂದ್ ಮೋಟಾರ್‌ಸೈಕಲ್ ಓಡಿದ್ ನೋಡೇನಿ. ನಿನ್ನೆ ಆಫೀಸಿನ್ಯಾಗೂ ಹೇಳೇನಿ.”

* * *

ಹೆಡ್‌ಮಾಸ್ತರರಿಗೆ ಹುಡುಗರಿಗಿಂತ ದೆವ್ವದ ಮೇಲೇ ನಂಬಿಕೆ ಹೆಚ್ಚು.

“ಸತ್ತಾಕೀನ ಬಂದು ಬರದಾಳ ಅಂದ್ರ ಸುಳ್ಳ ಇರತೈತೇನ್ರಿ? ಪೊಲೀಸರನ್ನ ಕರಸ್ತೇನಿ. ಇವನ್ನ ಒಯ್ಯಲಿ.”

“ಕರಸ್ರಿ ಸರ್. ಅವರು ಬರೂತನಕ ಇಂವ ನನ್ನ ಕಡೆ ಇರಲಿ.”

ಪ್ರಣಿತಾಳಿಗೂ ಭಯವಾಗಿತ್ತು, ಸುಳ್ಳೇಕೆ? ಪರದೆಯ ಮೂಲೆಯಲ್ಲಿ ದೀಪಾಲಿಯ ಹೆಸರು ಇನ್ನೂ ಹಸಿರಾಗಿತ್ತು. ಅಂದರೆ ಆ ಹೆಸರಿನವರು ಪುಟ ತೆರೆದು ಈಗಲೂ ನೋಡುತ್ತಿದ್ದರು.

ಇಂಟರ್‌ನೆಟ್ ಪೆಟ್ಟಿಗೆಯಿಂದ ಎರಡು ವೈರು ಹೊರಟಿದ್ದವು. ಒಂದು ಈ ಕಂಪ್ಯೂಟರ್ ಕೋಣೆಗೆ, ಇನ್ನೊಂದು ಆಫೀಸಿಗೆ. ಪ್ರಣಿತಾ ಎರಡನೆಯದನ್ನು ಕಿತ್ತಳು.

ದೀಪಾಲಿಯ ಹೆಸರು ಆರಿಹೋಯಿತು.

* * *

ಆಫೀಸಿನಲ್ಲಿ ಗುಮಾಸ್ತ ಭರತೇಶ ಒಬ್ಬನೇ ಇದ್ದ. ಪೊಲೀಸರು ಬಂದು ಬಾಗಿಲಲ್ಲಿ ನಿಂತ ಮೇಲೆ ಪ್ರಣಿತಾ ಆ ಬರಹದ ಮಾತೆತ್ತಿದಳು.

“ಚ್ಯಾಷ್ಟಿ ಮಾಡಿದ್ನಿರಿ,” ಅವನು ನಕ್ಕ. “ಪಾಸ್‌ವರ್ಡ್ ಅಂದ್ರ ರೋಲ್ ನಂಬರ್. ಊರಿಗೆಲ್ಲ ಗೊತ್ತೈತಿ.”

“ಮೊದಲ ಹಂಗ ಇತ್ರಿ. ಆಕಿ ಸತ್ತ ದಿನ ಕಡೀ ತಾಸಿನ್ಯಾಗ ಎಲ್ಲಾರ ಕಡಿಂದ ಬದಲಿ ಮಾಡಸೇನಿ. ಹೊಸಾದು ಆಕಿ ನನ್ನ ಮುಂದನ ನೋಟ್‌ಬುಕ್ಕಿನ್ಯಾಗ ಬರಕೊಂಡ್ಲು. ಸಾಲಿ ಬಿಟ್ಟ ಮ್ಯಾಲೆ ಸೀದಾ ಕಾಲುವಿ ದಾರಿ ಹಿಡಿದ್ಲು. ಪಾಟೀಚೀಲ ಇವತ್ತಿಗೂ ಸಿಕ್ಕಿಲ್ಲ. ಆ ನೋಟ್‌ಬುಕ್ ನಿಮ್ಮ ಕೈಗೆ ಹೆಂಗ ಬಂತ್ರಿ?”

ಪೊಲೀಸಪ್ಪ ಡ್ರಾವರ್ ಎಳೆದ. ಹಾಜರಿ ಪುಸ್ತಕದ ಕೆಳಗೆ ನೋಟ್‌ಬುಕ್ ಇತ್ತು.

“ನನ್ನ ಗಾಡಿ ಬಡೀತ್ರಿ... ಬೇಕಂತ ಮಾಡಿಲ್ಲ. ಚೀಲ ರಸ್ತೆದಾಗ ಬಿದ್ದಿತ್ತು. ಗುರುತು ಉಳೀಬಾರದಂತ ತಗೊಂಡೆ. ನಿನ್ನೆ ಮಾಲಿಂಗ ಗಾಡಿ ಸುದ್ದಿ ತಗದ. ಅದಕ್ಕ...”

“ನೀರಿಗೆ ಬಿದ್ದಾಗ ಆಕಿಗೆ ಜೀವ ಇತ್ತೇನು?” ಪ್ರಣಿತಾ ಕೇಳಿದಳು.



“ಕೈ ಮ್ಯಾಲೆ ಮಾಡಿದ್ಲ್ರಿ.”

ಬಾಗಿಲ ಬಳಿಯಿದ್ದ ಮಾಲಿಂಗ ಗೊಳೋ ಎಂದು ಅತ್ತ. ಪೊಲೀಸರು ಅವನನ್ನು ದಾಟಿ ಹೋಗಿ ಭರತೇಶನ ರಟ್ಟೆ ಹಿಡಿದರು.